ಅಜ್ಜಿಯ ಹತ್ತಿರ ಇಟ್ಟ ಪಾಸ್‌ಪೋರ್ಟು

ನಮ್ಮಕ್ಕನ ಮಗಳು ಮೇಘಶ್ರೀ ಆರು ತಿಂಗಳು ಓದಲೆಂದು ಜರ್ಮನಿಗೆ ಹೋದ ಮೇಲೆ ಪ್ರತಿ ಭಾನುವಾರ ನನಗೆ ಒಂದೊಂದು ಹೊಸ ಊರಿನ ಹೆಸರು ಕಲಿಯುವ ಕೆಲಸ ಬಿತ್ತು. ಶನಿವಾರ ಅವಳು ಊರು ಸುತ್ತುವುದು, ಭಾನುವಾರ ಫೋನಿನಲ್ಲಿ ನನಗೆ ಅದನ್ನೆಲ್ಲ ಒಪ್ಪಿಸುವುದು. ನಾನು ಟೀಚರು. ಕೇಳಿದ ಊರನ್ನು ಭೂಪಟದಲ್ಲಿ ಹುಡುಕದೆ ಬಿಡುವವಳಲ್ಲ. ಹೊಸೂರಿನ ಪಕ್ಕದ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ತಮಿಳುನಾಡಿನಲ್ಲಿ ಕನ್ನಡ ಶಾಲೆಯೇ ಎಂದು ಬೆಂಗಳೂರಿನವರು ಕಣ್ಣರಳಿಸಿದರೆ ನನಗೆ ಮೈ ಉರಿಯುತ್ತದೆ. ನಾವೇನು ನಿನ್ನೆ ಮೊನ್ನೆ ಬಂದವರಲ್ಲ, ಗೆರೆ ಎಳೆದವರು ನಮ್ಮನ್ನು ಕೇಳಿ ಎಳೆಯಲಿಲ್ಲ ಅಷ್ಟೆ.

ಯೂರೋಪಿಗೆ ಹೋದ ಹುಡುಗಿ ಎಂದರೆ ಪ್ಯಾರಿಸ್ಸಿನ ಗೋಪುರ, ರೋಮಿನ ಚರ್ಚು, ವೆನಿಸ್ಸಿನ ದೋಣಿ ಇವುಗಳ ಮುಂದೆ ನಿಂತ ಫೋಟೋ ಕಳಿಸುತ್ತಾಳೆ ಎಂದು ನಾವು ಕಾದೆವು. ಮೇಘ ಹೇಳುತ್ತಿದ್ದ ಹೆಸರುಗಳೇ ಬೇರೆ. ವಾಲ್ಸ್, ಓಯ್ಪನ್, ಬಾರ್ಲೆ, ಕೇಲ್. ನಮ್ಮ ಬೀದಿಯಲ್ಲಿ ಯಾರೂ ಕೇಳದ ಊರುಗಳು. ಅವಳ ಅಜ್ಜಿ, ಎಂದರೆ ನಮ್ಮಕ್ಕನ ಅತ್ತೆ ಚಿಕ್ಕತಾಯಮ್ಮನವರು, ಇವಳು ಓದಲು ಹೋದಳೋ ಬಸ್ಸು ಹತ್ತಲು ಹೋದಳೋ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದರು. ಆದರೂ ಭಾನುವಾರ ಅಕ್ಕನ ಮನೆಯಲ್ಲಿ ನಾವೆಲ್ಲ ಸೇರಿ ಫೋನಿಗೆ ಕಾಯುವಾಗ ಮೊದಲು ಬಂದು ಕೂರುತ್ತಿದ್ದವರು ಅವರೇ.

ಭಾವ ಮುನಿಯಲ್ಲಪ್ಪನವರ ಮನೆ ಜೂಜುವಾಡಿಯಲ್ಲಿದೆ. ಹೊಸೂರಿನ ಕಡೆಯ ಕೊನೆಯ ಊರು ಅದು. ಇನ್ನೊಂದಿಷ್ಟು ದೂರ ನಡೆದರೆ ಕರ್ನಾಟಕ. ಭಾವನಿಗೆ ಫ್ಯಾಕ್ಟರಿ ಕೆಲಸ, ಅಕ್ಕ ಲಕ್ಷ್ಮೀದೇವಮ್ಮನಿಗೆ ಎರಡು ಹಸು. ರೇಷನ್ ಅಕ್ಕಿ ಈ ರಾಜ್ಯದ್ದು, ರಾಗಿ ಬೀಸುವ ಮಿಲ್ಲು ಆ ರಾಜ್ಯದ್ದು. ಬಟ್ಟೆ ಹೊಲಿಸುವುದು ಗಡಿಯಾಚೆಯ ಅತ್ತಿಬೆಲೆಯಲ್ಲಿ, ಹಲ್ಲು ಕೀಳಿಸುವುದು ಹೊಸೂರಿನಲ್ಲಿ. ಮೇಘ ಲಂಗ ಹಾಕುವ ವಯಸ್ಸಿನಲ್ಲೇ ಕೊತ್ತಂಬರಿ ಸೊಪ್ಪು ತರಲು ರಾಜ್ಯ ದಾಟಿ ಹೋಗಿ, ಸಾಲದ್ದಕ್ಕೆ ಕರಿಬೇವನ್ನೂ ಕೊಸರು ಹಾಕಿಸಿಕೊಂಡು ಬರುತ್ತಿದ್ದಳು. ಕಂಡಕ್ಟರನ ಹತ್ತಿರ ತಮಿಳು, ಹಿಂದಿನ ಮನೆಯವರ ಹತ್ತಿರ ತೆಲುಗು, ಮನೆಯಲ್ಲಿ ಕನ್ನಡ. ಇದರಲ್ಲಿ ಯಾವುದನ್ನೂ ಅವಳು ಕಲಿತದ್ದು ಅಂತ ಇಲ್ಲ, ಉಸಿರಾಡಿದ ಹಾಗೆ ಬಂದುಬಿಟ್ಟವು.

ಅವಳು ಓದುತ್ತಿದ್ದ ಎಂಜಿನಿಯರಿಂಗ್ ಕಾಲೇಜಿಗೂ ಜರ್ಮನಿಯ ಆಖೆನ್ ಎಂಬ ಊರಿನ ಒಂದು ಕಾಲೇಜಿಗೂ ಒಪ್ಪಂದವಾಗಿತ್ತು. ಇಲ್ಲಿಂದ ಸರದಿಯಂತೆ ಒಬ್ಬೊಬ್ಬರು ಹೋಗಿ ಆರು ತಿಂಗಳು ಓದಿ ಬರಬಹುದು. ಆದರೆ ಅಲ್ಲಿ ಹಾಸ್ಟೆಲ್ ಇಲ್ಲ. ಊರಿನ ಯಾರಾದರೂ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದರೆ ಮಾತ್ರ ಸೀಟು. ಹಾಗೆ ಒಪ್ಪಿದ್ದು ಒಂದೇ ಮನೆ, ಗೀಸೆಲಾ ಎಂಬ ಅಜ್ಜಿಯದು. ಮೊದಲ ಸರದಿ ಮೇಘನದು, ಅವಳು ಮರಳಿ ಬಂದ ಮೇಲೆ ಅದೇ ಮನೆಗೆ ಕೋಮಲಾ ಹೋಗಬೇಕು. ಕೋಮಲಾ ರಾಯಕೋಟೆಯ ಹುಡುಗಿ, ಮೇಘನಿಗಿಂತ ಒಂದು ವರ್ಷ ಕಿರಿಯಳು. ದಿನಾ ಬಸ್ಸಿನಲ್ಲಿ ಓಡಾಡುವುದು ಕಷ್ಟವೆಂದು ಭಾವನ ಮನೆಯ ಮಹಡಿ ಕೋಣೆಯಲ್ಲೇ ಇದ್ದು ಓದುತ್ತಿದ್ದಳು. ಅವಳ ಅಪ್ಪ ಟೊಮೆಟೊ ಬೆಳೆಯುವವರು. ಮಗಳು ವಿಮಾನ ಹತ್ತುವ ಸುದ್ದಿಯನ್ನು ಅವರು ಆಗಲೇ ರಾಯಕೋಟೆ ಮಾರ್ಕೆಟ್ಟಿಗೆಲ್ಲ ಹಂಚಿಬಿಟ್ಟಿದ್ದರು.

ಮಾರ್ಚಿನಲ್ಲಿ ಮೇಘ ಹೋದಳು. ಗೀಸೆಲಾ ಅಜ್ಜಿ ಗಂಡನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು. ಚಾಕೊಲೇಟು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ನಿವೃತ್ತರಾದವರು. ಮೇಲಿನ ಮನೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ನನ್ನನ್ನು ಗೀಸೆಲಾ ಅನ್ನು ಎಂದು ಅವರು ಮೊದಲ ದಿನವೇ ಹೇಳಿದರಂತೆ. ದೊಡ್ಡವರನ್ನು ಹೆಸರು ಹಿಡಿದು ಕರೆಯಲು ಇವಳಿಗೆ ಬಾಯಿ ಬರಲಿಲ್ಲ. ಅಜ್ಜಿ ಎಂದು ಕನ್ನಡದಲ್ಲೇ ಕರೆದಳು. ಅವರಿಗೆ ಆ ಹೆಸರು ಹಿಡಿಸಿತು, ಮೊಮ್ಮಕ್ಕಳೂ ಹಾಗೇ ಕರೆಯತೊಡಗಿದವು.

ಅದೇ ಸಂಜೆ ಮೇಘ ಪೆಟ್ಟಿಗೆ ಬಿಚ್ಚಿ, ಪಾಸ್‌ಪೋರ್ಟನ್ನು ತೆಗೆದು, ಎರಡು ಕೈಯಲ್ಲೂ ಹಿಡಿದು ಗೀಸೆಲಾ ಅಜ್ಜಿಗೆ ಕೊಟ್ಟಳು. ಬೆಲೆಯುಳ್ಳದ್ದನ್ನು ಮನೆಯ ಹಿರಿಯರ ಕೈಗೆ ಕೊಟ್ಟು ತಾನು ಹಗುರಾಗುವುದು ನಮ್ಮ ಕಡೆ ಯಾರೂ ಹೇಳಿಕೊಡುವ ಪಾಠವಲ್ಲ. ಯಾಕೆ ಎಂದು ಅವರು ಕೇಳಿದ್ದಕ್ಕೆ, ಇವಳು ತನಗಿದ್ದ ಅರೆಬರೆ ಜರ್ಮನ್‌ನಲ್ಲಿ, ನೀವು ಇಟ್ಟುಕೊಳ್ಳಿ, ನಾನು ಕಳೆದುಬಿಡುತ್ತೇನೆ ಎಂದಳು.  ಅವರು ಗಂಡನ ಕೈಗಡಿಯಾರ ಇಟ್ಟಿದ್ದ ಬಿಸ್ಕತ್ತಿನ ಡಬ್ಬಿ ತಂದು, ಅದರೊಳಗೆ ಪಾಸ್‌ಪೋರ್ಟನ್ನೂ ಇಟ್ಟು, ಮಂಚದ ಪಕ್ಕದ ಕಪಾಟಿಗೆ ಸೇರಿಸಿದರು. ಇವಳು ನಿಶ್ಚಿಂತೆಯಾಗಿ ಮಲಗಿದಳು.

ಮೊದಲ ಶನಿವಾರವೇ ಅವಳು ಊರಿನ ಸಿಟಿ ಬಸ್ಸು ಹತ್ತಿದ್ದಾಳೆ. ಬಸ್ಸು ಸಂತೆಬೀದಿ ದಾಟಿ, ಆಸ್ಪತ್ರೆ ದಾಟಿ, ಹಾಗೇ ಹೋಗಿ ಕೊನೆಯ ಸ್ಟಾಪಿನಲ್ಲಿ ಇಳಿಸಿತು. ಅದು ವಾಲ್ಸ್. ನೆದರ್ಲೆಂಡ್ಸ್ ದೇಶ. ಸಿಟಿ ಬಸ್ಸೇ ಇನ್ನೊಂದು ದೇಶಕ್ಕೆ ಹೋಗುತ್ತದೆ, ಅಂಗಡಿ ಬೋರ್ಡಿನ ಭಾಷೆ ಬದಲಾಗುತ್ತದೆ, ಮಾರುವವಳು ಎರಡೂ ಭಾಷೆಯಲ್ಲಿ ಲೆಕ್ಕ ಹೇಳುತ್ತಾಳೆ. ಅಲ್ಲಿಂದಲೇ ನನಗೆ ಫೋನ್ ಮಾಡಿದಳು.

“ಚಿಕ್ಕಮ್ಮಾ, ಇಲ್ಲೂ ಒಂದು ಅತ್ತಿಬೆಲೆ ಐತೆ” ಎಂದಳು.

ಅಲ್ಲಿಂದ ಶುರುವಾಯಿತು ಅವಳ ಹುಚ್ಚು. ವಾಲ್ಸಿನ ಪಕ್ಕದ ಗುಡ್ಡದ ಮೇಲೆ ಮೂರು ದೇಶ ಸೇರುವ ಜಾಗವಿದೆ. ಅಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ, ಯಾವ ದೇಶದಲ್ಲಿ ಕೂತು ತಿನ್ನುವುದೆಂದು ಯೋಚಿಸಿ, ಕೊನೆಗೆ ಬೆಲ್ಜಿಯಂನಲ್ಲಿ ನೆರಳಿತ್ತೆಂದು ಅಲ್ಲಿ ತಿಂದಳಂತೆ. ಇನ್ನೊಂದು ವಾರ ಓಯ್ಪನ್‌ಗೆ ಹೋದಳು. ಅದು ಬೆಲ್ಜಿಯಂ ದೇಶದ್ದೇ ಊರು, ಆದರೆ ಮನೆಮಾತು ಜರ್ಮನ್. ಬೆಲ್ಜಿಯಂನಲ್ಲಿ ಜರ್ಮನ್ ಆಡುತ್ತೀರಾ ಎಂದು ಜರ್ಮನಿಯವರೇ ಬಂದು ಕೇಳುತ್ತಾರೆಂದು ಅಲ್ಲಿನ ಬೇಕರಿಯ ಹೆಂಗಸು ಸಿಡಿಮಿಡಿಗೊಂಡಳಂತೆ. ಮೇಘ ಅವಳ ಹತ್ತಿರ ಒಂದು ಬನ್ನು ಕೊಳ್ಳಲು ಹೋಗಿ, ಅರ್ಧ ಮಧ್ಯಾಹ್ನ ಹರಟೆ ಹೊಡೆದು, ನಮ್ಮ ಚಿಕ್ಕಮ್ಮನೂ ಥೇಟ್ ನಿಮ್ಮ ಹಾಗೇ ಬೈಯುತ್ತಾರೆ ಎಂದು ಹೇಳಿ ಬಂದಿದ್ದಳು. ಕಾಣದ ಊರಿನ ಆ ಬೇಕರಿಯವಳ ಮೇಲೆ ನನಗೆ ಅಂದಿನಿಂದ ಒಂದು ತರಹದ ಅಕ್ಕರೆ.

ಬಾರ್ಲೆ ಎಂಬ ಊರಲ್ಲಂತೂ ಗಡಿಯ ಗೆರೆ ಮನೆಗಳ ಒಳಗೇ ಹಾದುಹೋಗುತ್ತದಂತೆ. ರಸ್ತೆಯ ಮೇಲೆ ಬಿಳಿ ಗುರುತು ಹಾಕಿದ್ದಾರೆ. ಮುಂಬಾಗಿಲು ಯಾವ ಕಡೆಗಿದೆಯೋ ಆ ಮನೆ ಆ ದೇಶಕ್ಕೆ ಸೇರಿದ್ದು. ಇದನ್ನು ಕೇಳಿ ನಮ್ಮ ಭಾವ ಊಟದ ತಟ್ಟೆ ಪಕ್ಕಕ್ಕಿಟ್ಟು, ಹಾಗಾದರೆ ಕರೆಂಟ್ ಬಿಲ್ ಯಾರಿಗೆ ಕಟ್ಟುತ್ತಾರೆ ಎಂದು ಕೇಳಿದರು. ಮುಂದಿನ ವಾರ ವಿಚಾರಿಸಿ ಹೇಳುತ್ತೇನೆ ಎಂದಳು ಮೇಘ. ಕೇಲ್ ಎಂಬ ಊರಿನಿಂದ ಟ್ರ್ಯಾಮ್ ಹತ್ತಿ ರೈನ್ ನದಿ ದಾಟಿ ಫ್ರಾನ್ಸಿಗೆ ಹೋಗಿ, ಕಾಫಿ ಕುಡಿದು, ಅದೇ ಟ್ರ್ಯಾಮಿನಲ್ಲಿ ವಾಪಸ್ ಬಂದಳು. ಸಹಪಾಠಿಗಳು ಎಳೆದುಕೊಂಡು ಹೋದರೆಂದು ಒಮ್ಮೆ ಪ್ಯಾರಿಸ್ಸಿಗೂ ಹೋದಳು. ಗೋಪುರ ಚೆನ್ನಾಗಿದೆ, ಆದರೆ ದಾಟಲು ಅಲ್ಲೇನೂ ಇಲ್ಲ ಎಂದಳು. ಇಂಥ ಹುಡುಗಿಗೆ ಏನು ಹೇಳುವುದು? ಗದರಿದೆ, ಒಳಗೊಳಗೆ ಹೆಮ್ಮೆಯಿಂದ ಬೀಗಿದೆ.

ಇಷ್ಟೆಲ್ಲ ದೇಶ ಸುತ್ತುವಾಗ ಅವಳ ಪಾಸ್‌ಪೋರ್ಟು ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು. ಅದನ್ನು ಒಯ್ಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅತ್ತಿಬೆಲೆಗೆ ಹೋಗುವಾಗ ಯಾರಾದರೂ ಬೀರು ತೆಗೆಯುತ್ತಾರೆಯೇ? ಯಾರೂ ಕೇಳಲೂ ಇಲ್ಲ.

ಮೇ ತಿಂಗಳ ಒಂದು ಶನಿವಾರ ಕೇಳಿದರು. ವಾಲ್ಸಿನ ಅಂಗಡಿಯೊಂದರಲ್ಲಿ ಕೊತ್ತಂಬರಿ ಸೊಪ್ಪು ಚೆನ್ನಾಗಿ ಸಿಗುತ್ತದೆಂದು ತರಲು ಹೋಗಿದ್ದಳು. ಮರಳುವಾಗ ಗಡಿ ದಾಟಿದ ಮೇಲಿನ ಸ್ಟಾಪಿನಲ್ಲಿ ಇಬ್ಬರು ಪೊಲೀಸರು ಬಸ್ಸು ಹತ್ತಿದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಎಲ್ಲರೂ ಕಾರ್ಡು ತೋರಿಸಿದರು. ಮೇಘ ಕಾಲೇಜಿನ ಗುರುತಿನ ಚೀಟಿ ತೋರಿಸಿದಳು. ಪಾಸ್‌ಪೋರ್ಟು ಎಲ್ಲಿ ಎಂದರು. ಮನೆಯಲ್ಲಿದೆ, ಅಜ್ಜಿ ಇಟ್ಟುಕೊಂಡಿದ್ದಾರೆ ಎಂದಳು.

ಇಟ್ಟುಕೊಂಡಿದ್ದಾರೆ. ನಮಗೆ ಈ ಮಾತಿನಲ್ಲಿ ಕೇಳಿಸುವುದು ಜೋಪಾನ. ಅವಳು ಜರ್ಮನ್‌ನಲ್ಲಿ ಆಡಿದ ಮಾತಿನಲ್ಲಿ ಆ ಪೊಲೀಸರಿಗೆ ಕೇಳಿಸಿದ್ದು ಬೇರೆ, ಕೊಡದೆ ಹಿಡಿದುಕೊಂಡಿದ್ದಾರೆ ಎಂಬುದು. ಆ ಹೆಂಗಸು ಇವಳನ್ನು ಬಸ್ಸಿನಿಂದ ಇಳಿಸಿ, ಮೆತ್ತಗಿನ ದನಿಯಲ್ಲಿ ಕೇಳತೊಡಗಿದಳು. ಅವರು ನಿನ್ನ ಸ್ವಂತ ಅಜ್ಜಿಯೇ? ಅಲ್ಲ, ನಾನಿರುವ ಮನೆಯವರು. ಆ ಮನೆಯಲ್ಲಿ ಕೆಲಸ ಮಾಡುತ್ತೀಯಾ? ಮಾಡುತ್ತೇನಲ್ಲ, ಪಾತ್ರೆ ತೊಳೆಯುತ್ತೇನೆ, ಕಸ ಗುಡಿಸುತ್ತೇನೆ. ಅದಕ್ಕೆ ಅವರು ದುಡ್ಡು ಕೊಡುತ್ತಾರಾ? ಛೆ ಛೆ, ಮನೆ ಕೆಲಸಕ್ಕೆ ಯಾರಾದರೂ ದುಡ್ಡು ಮುಟ್ಟುತ್ತಾರಾ? ಮೇಘ ತನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬರಲೆಂದು ಒಂದೊಂದಕ್ಕೂ ಹೆಮ್ಮೆಯಿಂದ ಉತ್ತರ ಕೊಟ್ಟಳು. ಕೊಡುತ್ತಾ ಹೋದಂತೆ ಆ ಹೆಂಗಸಿನ ಮುಖ ಬಾಡುತ್ತಾ ಹೋಯಿತು.

ಪಾಸ್‌ಪೋರ್ಟು ಕಿತ್ತಿಟ್ಟುಕೊಂಡು ದುಡಿಸಿಕೊಳ್ಳುವವರ ಕತೆಗಳು ನಮಗೆ ಗೊತ್ತಿಲ್ಲದ್ದೇನಲ್ಲ. ಗಲ್ಫಿಗೆ ಹೋಗಿ ಹಾಗೆ ಸಿಕ್ಕಿಕೊಂಡವರನ್ನು ನಮ್ಮ ಕೃಷ್ಣಗಿರಿ ಜಿಲ್ಲೆಯವರೂ ಕಂಡಿದ್ದಾರೆ. ಆ ಪೊಲೀಸರಿಗೆ ಇವಳೂ ಅಂಥವಳೇ ಎನಿಸಿತು. ತಮ್ಮ ಗಾಡಿಯಲ್ಲೇ ಮನೆಗೆ ಕರೆತಂದರು. ಬೀದಿಯವರೆಲ್ಲ ಕಿಟಕಿಯಲ್ಲಿ. ಗೀಸೆಲಾ ಅಜ್ಜಿ ಬಾಗಿಲು ತೆಗೆದರು, ಕೇಳಿದ ಕೂಡಲೇ ಡಬ್ಬಿ ತಂದು ಮುಂದಿಟ್ಟರು. ಈ ಹುಡುಗಿಯ ಪಾಸ್‌ಪೋರ್ಟು ನಿಮ್ಮ ಹತ್ತಿರ ಯಾಕಿದೆ ಎಂದು ಕೇಳಿದಾಗ, ಅವಳೇ ಕೊಟ್ಟಳು ಎಂದರು. ಎಲ್ಲರೂ ಹಾಗೇ ಹೇಳುತ್ತಾರೆ ಎಂದನಂತೆ ಆ ಗಂಡಸು. ಬರೆದುಕೊಂಡು ಹೋದರು. ಸುದ್ದಿ ಕಾಲೇಜಿಗೂ ಮುಟ್ಟಿತು.

ಅವರು ಹೋದ ಮೇಲೆ ಗೀಸೆಲಾ ಅಜ್ಜಿ ಪಾಸ್‌ಪೋರ್ಟನ್ನು ಮೇಘನ ಮೇಜಿನ ಮೇಲಿಟ್ಟರು. ಆ ರಾತ್ರಿ ಅವಳ ಜೊತೆ ಊಟಕ್ಕೆ ಕೂರಲಿಲ್ಲ. ಮರುದಿನ ಒಂದೇ ಮಾತು ಆಡಿದರು. ಜೀವಮಾನವಿಡೀ ದುಡಿದೆ, ಒಂದು ಚಾಕೊಲೇಟನ್ನೂ ಜೇಬಿಗೆ ಹಾಕಿಕೊಂಡವಳಲ್ಲ, ಮೊಮ್ಮಕ್ಕಳ ಎದುರಿಗೆ ಪೊಲೀಸರ ಕೈಲಿ ಮಾತು ಕೇಳಬೇಕಾಯಿತು. ನಿನ್ನ ಓದು ಮುಗಿಯುವವರೆಗೆ ಇರು. ನಿನ್ನ ಹಿಂದೆ ಇನ್ನು ಯಾರೂ ಈ ಮನೆಗೆ ಬರುವುದು ಬೇಡ.

ಕಾಲೇಜಿನವರದೂ ಅದೇ ರಾಗ. ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿಣಿ ಮಂಗಳವಾರ ಬನ್ನಿ ಎಂದು ಮೇಘನಿಗೂ ಗೀಸೆಲಾ ಅಜ್ಜಿಗೂ ಹೇಳಿಕಳಿಸಿದರು. ಸಂಶಯ ಉಳಿದರೆ ಆ ಮನೆಯ ಹೆಸರು ತೆಗೆದುಹಾಕುತ್ತೇವೆ ಎಂದು ಮೊದಲೇ ತಿಳಿಸಿದ್ದರು. ಮನೆ ಹೋದರೆ ಕೋಮಲಾಳ ಸೀಟು ಹೋಯಿತು. ಈ ವಿಷಯ ಕೋಮಲಾಗೆ ನಾನೇ ಹೇಳಿದೆ. ಬೇಸಿಗೆ ರಜೆಯಾದ್ದರಿಂದ ನಾನು ಅಕ್ಕನ ಮನೆಯಲ್ಲೇ ಇದ್ದೆ. ಪರವಾಗಿಲ್ಲ ಬಿಡಿ ಟೀಚರ್ ಎಂದು ಮಹಡಿಗೆ ಹೋದವಳು ಊಟಕ್ಕೆ ಕರೆದರೂ ಕೆಳಗೆ ಬರಲಿಲ್ಲ. ಅವಳ ಅಪ್ಪನಿಗೆ ಏನು ಹೇಳುವುದೆಂದು ಭಾವನಿಗೆ ತಲೆ ಚಿಟ್ಟು ಹಿಡಿಯಿತು.

ನಾನು ಬುದ್ಧಿವಂತೆ, ಮೇಘನಿಗೆ ಉಪಾಯ ಹೇಳಿಕೊಟ್ಟೆ. ಪಾಸ್‌ಪೋರ್ಟು ನನ್ನ ಹತ್ತಿರವೇ ಇತ್ತು, ಆ ದಿನ ಒಯ್ಯಲು ಮರೆತೆ, ಭಾಷೆ ಬಾರದೆ ಏನೋ ಹೇಳಿಬಿಟ್ಟೆ ಅಂದುಬಿಡು, ಅಲ್ಲಿಗೆ ಮುಗಿಯಿತು ಎಂದೆ.

“ಡಬ್ಬಿಯಿಂದ ತೆಗ್ದು ಕೊಟ್ಟಿದ್ದು ಪೊಲೀಸ್ನೋರು ಕಣ್ಣಾರೆ ನೋಡವ್ರೆ ಚಿಕ್ಕಮ್ಮ. ನಾನು ಸುಳ್ಳು ಹೇಳಿದ್ರೆ, ಅಜ್ಜಿನೇ ಹೆದ್ರಿಸಿ ಹೇಳ್ಸವ್ರೆ ಅಂತಾರೆ. ನಾನು ಬಚಾವಾಗ್ತೀನಿ, ಅವ್ರು ಕಳ್ಳಿ ಆಗ್ತಾರೆ. ನಾನು ಕೊಟ್ಟಿದ್ದು ನಂಬಿಕೆಯಿಂದ. ಅದನ್ನೇ ಹೇಳ್ತೀನಿ.”

 ಶಾಲೆಯಲ್ಲಿ ದಿನಾ ಮಕ್ಕಳಿಗೆ ನಿಜ ಹೇಳಿ ಎನ್ನುವವಳು ನಾನು.

ಮಂಗಳವಾರ ಆಫೀಸಿನಲ್ಲಿ ನಡೆದದ್ದನ್ನು ಮೇಘ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಅವಳು ಹೇಳುವಾಗ ಜರ್ಮನಿಯ ಅಧಿಕಾರಿಣಿಯೂ ಜೂಜುವಾಡಿಯ ಕನ್ನಡವನ್ನೇ ಆಡುತ್ತಾಳೆ. ಆಕೆ ಒಳ್ಳೆಯ ಹೆಂಗಸು, ಅದೇ ತೊಂದರೆ. ಗೀಸೆಲಾ ಅಜ್ಜಿಯನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಇವಳಿಗೆ ನೀರು ಕೊಟ್ಟು, ಇಲ್ಲಿ ಆಡಿದ್ದು ಯಾರಿಗೂ ಕೇಳಿಸುವುದಿಲ್ಲ, ಧೈರ್ಯವಾಗಿ ಹೇಳು ಎಂದಳಂತೆ. ಮೇಘ ಇದ್ದದ್ದನ್ನು ಇದ್ದಂತೆ ಹೇಳಿದಳು. ಮೊದಲ ದಿನ ತಾನೇ ಕೊಟ್ಟದ್ದು, ಪ್ರತಿ ವಾರವೂ ಅದಿಲ್ಲದೆಯೇ ಗಡಿ ದಾಟಿದ್ದು, ಆ ತಪ್ಪು ತನ್ನದು, ಅಜ್ಜಿಯದಲ್ಲ. ಆಕೆ ತಲೆಯಾಡಿಸಿದಳು. ಹೆದರಿದವರ ಮುಂದೆ ಆಡಿಸುವಂಥ ತಲೆಯಾಟ. ಅಜ್ಜಿ ತುಂಬ ಒಳ್ಳೆಯವರು ಎಂದು ಇವಳು ಹೇಳಿದಷ್ಟೂ, ಪಾಪ, ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಎಂಬಂತೆ ನೋಡಿದಳು. ನಮ್ಮಲ್ಲಿ ಹೀಗೆ ದೊಡ್ಡವರ ಕೈಲಿ ಇಡುವುದು ವಾಡಿಕೆ ಎಂದರೆ, ಬೇರೆ ಯಾರ ಪಾಸ್‌ಪೋರ್ಟನ್ನು ಯಾರ ಹತ್ತಿರ ಇಟ್ಟಿದ್ದನ್ನು ನೀನು ನೋಡಿದ್ದೀಯ ಎಂದಳು.

ಅಲ್ಲಿಗೆ ಮೇಘನಿಗೆ ಸಿಟ್ಟು ಬಂತು. ಅದು ನಮ್ಮ ತವರಿನ ಕಡೆಯ ಸಿಟ್ಟು, ಬಂದರೆ ಕೈಗೆ ಏನಾದರೊಂದು ಕೆಲಸ ಬೇಕು. ಫೋನ್ ತೆಗೆದಳು.

ನಮ್ಮಲ್ಲಿ ಆಗ ಮಧ್ಯಾಹ್ನ. ಚಿಕ್ಕತಾಯಮ್ಮನವರು ನಡುಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು, ನಾನು ಪಕ್ಕದಲ್ಲಿ ಉರುಳಿಕೊಂಡಿದ್ದೆ. ವಿಡಿಯೋ ಕಾಲ್ ಬಂತು. ಮೇಘನ ಪಕ್ಕದಲ್ಲಿ ಕನ್ನಡಕ ಹಾಕಿದ ಅಪರಿಚಿತ ಹೆಂಗಸು.

“ಚಿಕ್ಕಮ್ಮ, ಅಜ್ಜಿ ಕೈಲಿ ಬೀರು ತೆಗೆಸು. ಒಳಗಿರೋದೆಲ್ಲ ಯಾರ್ಯಾರ್ದು ಅಂತ ಹೇಳ್ಸು. ನೀನು ಇಂಗ್ಲಿಷ್‌ನಲ್ಲಿ ಹೇಳ್ತಾ ಹೋಗು. ಉಪ್ಪು ಖಾರ ಸೇರಿಸ್ಬೇಡ.”

ಚಿಕ್ಕತಾಯಮ್ಮನವರು ಸುಲಭಕ್ಕೆ ಒಪ್ಪಲಿಲ್ಲ. ಕಂಡು ಕೇಳದವರಿಗೆ ಬೀರು ತೋರಿಸುವುದು ಎಲ್ಲಾದರೂ ಉಂಟೇ ಎಂದರು. ಮೊಮ್ಮಗಳನ್ನು ಇಟ್ಟುಕೊಂಡ ಅಮ್ಮನ ಮೇಲೆ ಕಳ್ಳತನದ ಮಾತು ಬಂದಿದೆ, ನೀವು ತೆಗೆದು ತೋರಿಸಿದರೆ ಅದು ಹೋಗುತ್ತದೆ, ಕೋಮಲಾಳ ಸೀಟೂ ಉಳಿಯುತ್ತದೆ ಎಂದು ನಾನು ವಿವರಿಸಿದೆ. ಹುಣಸೆಹಣ್ಣಿನ ಕೈ ಒರೆಸಿಕೊಂಡು, ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ಎದ್ದರು. ಕಬ್ಬಿಣದ ಬೀರುವಿನ ಬಾಗಿಲು ಕಿರುಗುಟ್ಟಿತು. ನಾನು ಫೋನನ್ನು ಒಳಕ್ಕೆ ಹಿಡಿದೆ.

ಅವರು ಒಂದೊಂದೇ ತೆಗೆದು ಹೇಳುತ್ತಾ ಹೋದರು. ಈ ಓಲೆ ಹೂವಿನ ರಾಮಕ್ಕನದು, ಕುಡುಕ ಗಂಡನ ಕೈಗೆ ಸಿಗಬಾರದೆಂದು ಇಟ್ಟಿದ್ದಾಳೆ. ಈ ಪತ್ರ ಕಟಿಂಗ್ ಶಾಪಿನ ಉಮಾಶಂಕರನ ಸೈಟಿನದು. ಈ ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡುಗಳು ಫ್ಯಾಕ್ಟರಿ ಕೆಲಸಕ್ಕೆ ಬಂದ ಒಡಿಶಾ ಹುಡುಗರದು, ಅವರ ಕೋಣೆಗೆ ಬೀಗ ಸರಿಯಿಲ್ಲ. ಈ ಸರ ಮೂಲೆಮನೆಯ ಪೊಲೀಸ್‌ನವರ ಹೆಂಡತಿಯದು. ಪೊಲೀಸ್ ಎಂಬ ಪದ ಅಧಿಕಾರಿಣಿಗೆ ನನ್ನ ಇಂಗ್ಲಿಷಿಗಿಂತ ಮೊದಲೇ ಅರ್ಥವಾಯಿತು. ಪೊಲೀಸಿನವರೂ ಇವರ ಹತ್ತಿರ ಇಡುತ್ತಾರಾ ಎಂದು ಕೇಳಿದಳು. ಅವರಿಗೇನು ಕಳ್ಳರ ಭಯ ಇಲ್ಲವೇ ಎಂದರು ಚಿಕ್ಕತಾಯಮ್ಮ.

ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದಳು ಆಕೆ. ಚಿಕ್ಕತಾಯಮ್ಮನವರು ಸ್ವಲ್ಪ ಯೋಚನೆ ಮಾಡಿ, ಕೆಳಗಿನ ಅರೆಯಲ್ಲಿದ್ದ ಒಂದು ರೇಷ್ಮೆ ಸೀರೆಯ ಅಂಚನ್ನು ಎಳೆದು ತೋರಿಸಿದರು. ಆಮೇಲೆ ಅದರ ಮಡಿಕೆಗೆ ಕೈ ಹಾಕಿ, ರಬ್ಬರ್ ಬ್ಯಾಂಡ್ ಹಾಕಿದ ಹೊಚ್ಚ ಹೊಸ ಪಾಸ್‌ಪೋರ್ಟೊಂದನ್ನು ಹೊರಗೆ ತೆಗೆದರು.

“ಇದು ಮ್ಯಾಲಿನ ರೂಮಿನ ಮಗೀದು, ಕೋಮಲಂದು. ಪೋಸ್ಟಲ್ಲಿ ಬಂದ ದಿವ್ಸವೇ ತಂದು ಕೊಟ್ಲು. ಅವ್ಳಿಗೆ ಬೇಕಾದಾಗ ಕೇಳ್ತಾಳೆ, ಕೊಡ್ತೀನಿ. ಬ್ಯಾರೆ ಏನೈತೆ ಇದ್ರಾಗೆ ಕೇಳಾಕೆ?”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮುಂದೆ ಬರಬೇಕಾದ ಹುಡುಗಿಯೇ ಎಂದು ಮೇಘನನ್ನು ಕೇಳಿದಳು. ಹೌದು ಎಂದಳು ಮೇಘ. ಆಕೆ ಎದ್ದು ಹೋಗಿ ತಾನೇ ಬಾಗಿಲು ತೆಗೆದು ಗೀಸೆಲಾ ಅಜ್ಜಿಯನ್ನು ಒಳಗೆ ಕರೆದಳು.

ಅಜ್ಜಿ ಕೋಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು, ಕೈಚೀಲ ಎದೆಗವಚಿಕೊಂಡು ನಿಂತಿದ್ದರು. ನಮ್ಮಿಂದ ತಪ್ಪು ತಿಳುವಳಿಕೆಯಾಯಿತು, ಕ್ಷಮಿಸಿ, ನಿಮ್ಮ ಮನೆಯ ಹೆಸರು ಹಾಗೇ ಇರುತ್ತದೆ, ಇನ್ನು ಮೇಲೆ ಮಾತ್ರ ಪಾಸ್‌ಪೋರ್ಟನ್ನು ಅವರವರೇ ಇಟ್ಟುಕೊಳ್ಳಲಿ ಎಂದಳು ಅಧಿಕಾರಿಣಿ. ಗೀಸೆಲಾ ಅಜ್ಜಿ ಸರಿ ಎಂದರು. ಆದರೆ ನಾನು ಈ ಹುಡುಗಿಗೆ ಆಗಲೇ ಹೇಳಿದ್ದೇನೆ, ಇನ್ನು ಯಾರನ್ನೂ ಇಟ್ಟುಕೊಳ್ಳುವುದಿಲ್ಲ, ನನಗೆ ಸಾಕಾಗಿದೆ ಎಂದು ಮುಖ ತಿರುಗಿಸಿದರು.   ನನ್ನ ಬೆನ್ನ ಹಿಂದೆ ಮಹಡಿ ಮೆಟ್ಟಿಲ ಮೇಲೆ ಕೋಮಲಾ ಯಾವಾಗ ಬಂದು ನಿಂತಿದ್ದಳೋ, ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಫೋನಿನಲ್ಲಿ ನರೆತ ತಲೆ ಕಂಡ ಚಿಕ್ಕತಾಯಮ್ಮನವರು ಈಯಮ್ಮನೇನಾ ಎಂದು ನನ್ನನ್ನು ಕೇಳಿದರು. ಹೌದೆಂದೆ. ಸೆರಗು ಸರಿಮಾಡಿಕೊಂಡು, ಫೋನು ಹಿಡಿದ ನನ್ನ ಕೈಯನ್ನು ತಮ್ಮ ಮುಖದ ಹತ್ತಿರಕ್ಕೆ ಎಳೆದುಕೊಂಡರು.

“ತಾಯಿ, ನಮ್ಮ ಮಗೀನ ಸಾಮಾನು ಮಡಿಕ್ಕಂಡಿದ್ದಕ್ಕೆ ನಿಮ್ಮ ಮ್ಯಾಲೆ ಮಾತು ಬಂತಂತೆ. ನಂಗೂ ಒಂದ್ ದಪ ಬಂದಿತ್ತು. ಯಾರ್ದೋ ಉಂಗ್ರ ಕಾಣ್ದೆ ಹೋಯ್ತು ಅಂತ ಬೀದೀಲಿ ನಿಲ್ಸಿ ಕೇಳಿದ್ರು. ಉಂಗ್ರ ಅವ್ರ ಮನೇಲೇ ಸಿಕ್ತು. ನಾನು ಇನ್ಮ್ಯಾಕೆ ಯಾರ್ದೂ ಬ್ಯಾಡ ಅಂದು ಎಲ್ಲಾರ ಸಾಮಾನೂ ವಾಪಸ್ ಕೊಟ್ಬುಟ್ಟೆ. ಬೀರು ಬರಿದಾಗಿತ್ತು. ಆಮ್ಯಾಕೆ ಒಬ್ಳು ಬಂದು, ಅಮ್ಮ ಇದೊಂದು ಮಡಿಕ್ಕಳಿ, ನಂಗೆ ಬ್ಯಾರೆ ಯಾರೂ ಇಲ್ಲ ಅಂದ್ಲು. ಎಂಗೆ ಆಗಕ್ಕಿಲ್ಲ ಅನ್ನಾದು ಹೇಳಿ.”

ಇದು ನನಗೂ ಗೊತ್ತಿರದ ಸಂಗತಿ. ಇಷ್ಟು ವರ್ಷ ಆ ಮನೆಗೆ ಹೋಗಿ ಬಂದವಳು ನಾನು, ಯಾರೂ ಹೇಳಿರಲಿಲ್ಲ.  ಆ ಕಡೆ ಮೇಘ ಒಂದೊಂದೇ ಮಾತನ್ನು ನಿಧಾನವಾಗಿ ಜರ್ಮನ್‌ಗೆ ತಿರುಗಿಸಿ ಹೇಳುತ್ತಿದ್ದಳು. ಅವಳ ದನಿ ಎಲ್ಲೂ ತಡವರಿಸಲಿಲ್ಲ. ಗೀಸೆಲಾ ಅಜ್ಜಿ ಅವಳನ್ನು ನೋಡದೆ ಚಿಕ್ಕತಾಯಮ್ಮನವರ ಮುಖವನ್ನೇ ನೋಡುತ್ತಿದ್ದರು. ಬೀರು ಬರಿದಾಗಿತ್ತು ಎಂಬ ಮಾತಿಗೆ ಕೈಚೀಲವನ್ನು ಮೇಜಿನ ಮೇಲಿಟ್ಟರು. ಪೂರ್ತಿ ಕೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತು, ಮೇಘನಿಗೆ ಏನೋ ಹೇಳಿದರು.

“ಚಿಕ್ಕಮ್ಮ, ಆ ಹುಡುಗಿ ಯಾವತ್ತು ಬತ್ತಾಳೆ ಅಂತ ಕೇಳ್ತಾವ್ರೆ” ಎಂದಳು ಮೇಘ.

ನಾನು ಬಾಯಿ ತೆರೆಯುವಷ್ಟರಲ್ಲಿ ಕೋಮಲಾ ಮೆಟ್ಟಿಲಿಳಿದು ಬಂದು, ನನ್ನ ಭುಜದ ಮೇಲಿನಿಂದ ಫೋನಿಗೆ ಬಗ್ಗಿ, ಅಕ್ಟೋಬರ್ ಎಂದಳು.